ಮಾರದೆ ಉಳಿದ ಮಾಲು

ಶಾಲೆಯ ಗೇಟಿಗೆ ಬೀಗ ಬಿದ್ದ ದಿನ ಬೇಕರಿಯವನು ತನ್ನ ಗಾಜಿನ ಪೆಟ್ಟಿಗೆಯ ಹಿಂದೆ ನಿಂತು ನಕ್ಕುಬಿಟ್ಟ.

"ಹಾಕ್ಲಿ ಬಿಡು," ಎಂದ ಹೆಂಡತಿಗೆ. "ಆ ಹೊಸ ಹೆಡ್‌ಮಿಸ್ ಒಂದು ವಾರ ಹಾಕ್ತಾಳೆ. ಆಮೇಲೆ ಮಕ್ಕಳ ಅಪ್ಪ ಅಮ್ಮಂದಿರೇ ಬಂದು ಬೀಗ ಒಡೀತಾರೆ."

ಅಂಗಡಿಗೂ ಶಾಲೆಗೂ ನಡುವೆ ಒಂದು ರಸ್ತೆ, ಅಷ್ಟೇ. ಇಂಟರ್‌ವಲ್ ಗಂಟೆ ಹೊಡೆದರೆ ಸಾಕು, ಮಕ್ಕಳ ಹಿಂಡು ರಸ್ತೆ ದಾಟಿ ಬಂದು ಗಾಜಿಗೆ ಮೂಗು ಒತ್ತಿ ನಿಲ್ಲುತ್ತಿತ್ತು. ಒಬ್ಬನಿಗೆ ಪಫ್ಸ್, ಒಬ್ಬಳಿಗೆ ಕ್ರೀಮ್ ಬನ್, ಇನ್ನೊಬ್ಬನಿಗೆ ಎರಡೂ. ಬೇಕರಿಯವನ ಅಪ್ಪನ ಕಾಲದಿಂದ ನಡೆದು ಬಂದದ್ದು ಇದು. ಆ ಗಂಟೆಯನ್ನು ಶಾಲೆಯವರು ತನಗಾಗಿಯೇ ಹೊಡೆಯುತ್ತಾರೆ ಎಂದು ಅವನು ನಂಬಿದ್ದರೆ ಅದರಲ್ಲಿ ಅವನ ತಪ್ಪೇನೂ ಇರಲಿಲ್ಲ.

ಹೊಸ ಹೆಡ್‌ಮಿಸ್ ಬಂದದ್ದು ಆ ವರ್ಷ. ಒಣಕಲು ದೇಹ, ಅದಕ್ಕೆ ಹೊಂದದ ದೊಡ್ಡ ದನಿ. ಬಂದವಳೇ ತಂದೆತಾಯಿಗಳನ್ನೆಲ್ಲ ಕರೆಸಿ ಸಾಲಾಗಿ ಬೆಂಚಿನ ಮೇಲೆ ಕೂರಿಸಿದಳು. ಮಕ್ಕಳು ಕೂರುವ ಬೆಂಚು. ದೊಡ್ಡವರ ಮಂಡಿಗಳೆಲ್ಲ ಗದ್ದಕ್ಕೆ ತಾಗುತ್ತಿದ್ದವು.

"ಇನ್ನು ಮೇಲೆ ಇಂಟರ್‌ವಲ್‌ನಲ್ಲಿ ಯಾರೂ ಹೊರಗೆ ಹೋಗೋ ಹಾಗಿಲ್ಲ," ಎಂದಳು. "ಮನೆಯಿಂದ ಏನಾದರೂ ಕಟ್ಟಿ ಕಳಿಸಿ. ಹಣ್ಣು ಕಳಿಸಿ, ಕಾಳು ಕಳಿಸಿ. ಹುಟ್ಟುಹಬ್ಬ ಅಂತ ಕ್ಲಾಸಿಗೆ ಕೇಕ್ ತರೋದು ಬೇಡ. ಕೊನೇ ಪೀರಿಯಡ್ ಎಲ್ಲರೂ ಮೈದಾನದಲ್ಲಿ ಓಡಬೇಕು. ನಿಮ್ಮ ಮಕ್ಕಳಿಗೆ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತೆ, ಅದು ನಿಮ್ಮ ಕಣ್ಣಿಗೆ ಬಿದ್ದಿದೆಯಾ? ಮೈದಾ, ಸಕ್ಕರೆ, ಎಣ್ಣೆ. ಮೂರು ಹೊತ್ತೂ ಅದೇ."

ಬೆಂಚಿನ ಸಾಲಿನ ತಲೆಗಳೆಲ್ಲ ಒಂದೊಂದಾಗಿ ಹಿಂದಕ್ಕೆ ತಿರುಗಿದವು. ಹಿಂದಿನ ಬೆಂಚಿನಲ್ಲಿ ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು ಬೇಕರಿಯವನು ಕೂತಿದ್ದ. ಅವನು ಎದ್ದು ನಿಂತ.

"ಸುತ್ತಿ ಬಳಸಿ ಯಾಕೆ ಮೇಡಂ, ನನ್ನ ಹೆಸರೇ ಹೇಳ್ಬಿಡಿ."

"ನಾನು ತಿಂಡಿ ಹೆಸರು ಹೇಳ್ದೆ. ನಿಮ್ಮ ಹೆಸರನ್ನ ನೀವೇ ತಂದು ಸೇರಿಸಿದ್ರಿ."

ಯಾರೋ ಕಿಸಕ್ಕೆಂದರು. ಬೇಕರಿಯವನ ಕಿವಿ ಬಿಸಿಯಾಯಿತು.

"ನೀವು ಬರೋಕೆ ಮುಂಚೆ, ಈ ಕಟ್ಟಡ ಏಳೋಕೆ ಮುಂಚೆ, ನಮ್ಮಪ್ಪ ಅಲ್ಲಿ ಭಟ್ಟಿ ಹಚ್ಚಿದ್ರು."

"ಸಂತೋಷ. ಅವರು ಆಗ ಮಾರ್ತಿದ್ದದ್ದು ಬ್ರೆಡ್ಡು, ರಸ್ಕು. ಈಗ ನೀವು ಮಾರೋದು ಏನು ಅಂತ ನಿಮಗೇ ಗೊತ್ತು."

"ನನ್ನ ಮಗಳೂ ಇಲ್ಲೇ ಓದ್ತಾಳೆ, ತಿಳ್ಕೊಳ್ಳಿ. ಇವತ್ತಿನ ತನಕ ಅವಳು ನನ್ನ ಗಾಜಿನ ಪೆಟ್ಟಿಗೆಗೆ ಕೈ ಹಾಕಿದವಳಲ್ಲ. ಬೇಕಾದ್ರೆ ಅವಳನ್ನೇ ಕೇಳಿ!"

ಹೆಡ್‌ಮಿಸ್ ಏನೂ ಕೇಳಲಿಲ್ಲ. ಅವನ ಪಕ್ಕದಲ್ಲಿ ಬೆಂಚು ತುಂಬಿ ಕೂತಿದ್ದ ಹುಡುಗಿಯನ್ನು ಒಮ್ಮೆ ನೋಡಿದಳು, ಅವನನ್ನು ಒಮ್ಮೆ ನೋಡಿದಳು, ಮುಂದಿನ ವಿಷಯಕ್ಕೆ ಹೋದಳು. ಬೈದಿದ್ದರೆ ಅವನು ತಿರುಗಿಸಿ ಬೈಯುತ್ತಿದ್ದ. ಅವತ್ತಿನಿಂದ ಅವಳ ಮೇಲೆ ಹಲ್ಲು ಕಡಿಯತೊಡಗಿದ.

ಹಾಗೆ ನೋಡಿದರೆ ಅವನು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ. ಮಾರುವ ಮಾಲಿಗೆ ಮನೆಯವರು ಕೈ ಹಾಕಬಾರದು ಎನ್ನುವುದು ಆ ಮನೆಯ ಕಟ್ಟುನಿಟ್ಟು. ಮಗಳಿಗೆ ಒಂಬತ್ತು ವರ್ಷ ತುಂಬಿದ್ದರೂ ಮನೆಯಲ್ಲಿ ಎಲ್ಲರಿಗೂ ಅವಳು ಪಾಪುವೇ. ಆ ಪಾಪು ಅಂಗಡಿಯಲ್ಲಿ ಕೂತರೂ ಒಂದು ಬಿಸ್ಕತ್ತಿನ ಚೂರನ್ನು ಮುಟ್ಟುತ್ತಿರಲಿಲ್ಲ. ಬೇಕರಿಯವನಂತೂ ಬನ್ನು ಬಾಯಿಗಿಟ್ಟು ವರ್ಷಗಳೇ ಆಗಿದ್ದವು. ದಿನವಿಡೀ ಭಟ್ಟಿಯ ಮುಂದೆ ನಿಂತವನಿಗೆ ಆ ವಾಸನೆಯಲ್ಲೇ ಹೊಟ್ಟೆ ತುಂಬಿಹೋಗುತ್ತಿತ್ತು.

ಆದರೆ ಸಂಜೆ ಷಟರ್ ಎಳೆದ ಮೇಲೆ ಮಾರದೆ ಉಳಿದದ್ದು ಟ್ರೇ ಸಮೇತ ಹಿಂದಿನ ಬಾಗಿಲಿನಿಂದ ಮನೆಯೊಳಗೆ ಬರುತ್ತಿತ್ತು. ಬಾಗಿಲು ದಾಟಿತೆಂದರೆ ಅದು ಮಾಲಲ್ಲ, ತಿಂಡಿಯೂ ಅಲ್ಲ. ಅದು 'ಉಳಿದದ್ದು.' ಬೇಕರಿಯವನ ತಾಯಿ, ಪಾಪುವಿನ ಅಜ್ಜಿ, ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಅದನ್ನು ಹಂಚುತ್ತಿದ್ದಳು. ಚಿಕ್ಕಂದಿನಲ್ಲಿ ಹಸಿದು ಮಲಗಿದ ಮುದುಕಿ ಅವಳು. ಒಂದು ಚೂರು ಬ್ರೆಡ್ಡು ಕಸಕ್ಕೆ ಬಿದ್ದರೆ ಯಾರೋ ಸತ್ತ ಮನೆಯವಳಂತೆ ಮುಖ ಮಾಡುತ್ತಿದ್ದಳು. ಸೊಸೆ ಒಂದು ತಿನ್ನುತ್ತಿದ್ದಳು. ಅಜ್ಜಿಗೆ ಹಲ್ಲಿಲ್ಲ. ಉಳಿದದ್ದು ಯಾರಿಗೆ?

"ಪಾಪು, ಬಾರೇ. ಖಾಲಿ ಮಾಡು," ಎಂದು ಅಜ್ಜಿ ಕೂಗುತ್ತಿದ್ದಳು. 'ತಿನ್ನು' ಎಂದು ಯಾವತ್ತೂ ಅಂದದ್ದಿಲ್ಲ.

ಪಾಪು ಬಂದು ಕೂತು ಖಾಲಿ ಮಾಡುತ್ತಿದ್ದಳು. "ನೋಡಿ ಕಲೀರಿ," ಎಂದು ಅಜ್ಜಿ ಸೊಸೆಗೆ ಕೇಳುವಂತೆ ಹೇಳುತ್ತಿದ್ದಳು. "ಬಿಸಾಡೋ ಬುದ್ಧಿ ಇಲ್ಲ ನನ್ನ ಮೊಮ್ಮಗಳಿಗೆ."

ಗೇಟಿಗೆ ಬೀಗ ಬಿದ್ದು ವಾರ ಕಳೆಯಿತು. ಯಾವ ಅಪ್ಪ ಅಮ್ಮನೂ ಬಂದು ಬೀಗ ಒಡೆಯಲಿಲ್ಲ. ಇಂಟರ್‌ವಲ್ ಗಂಟೆ ಹೊಡೆದಾಗ ಬೇಕರಿಯವನು ಅಭ್ಯಾಸಬಲದಿಂದ ಕೈ ಒರೆಸಿಕೊಂಡು ಮುಂದೆ ಬಂದು ನಿಲ್ಲುತ್ತಿದ್ದ. ರಸ್ತೆ ಖಾಲಿಯಿರುತ್ತಿತ್ತು.

"ರೀ, ನಾಳೆಯಿಂದ ಸ್ವಲ್ಪ ಕಮ್ಮಿ ಹಾಕಿ," ಎಂದಳು ಹೆಂಡತಿ.

"ಯಾಕೆ?"

"ಯಾಕೇಂತ ಕೇಳ್ತೀರಲ್ಲ. ಟ್ರೇಗಳು ಹೇಗೆ ಹೋದ್ವೋ ಹಾಗೇ ಒಳಗೆ ಬರ್ತಿವೆ."

"ಆ ಕಡ್ಡಿ ಹೆಂಗಸಿಗೆ ಹೆದರಿ ನಾನು ಭಟ್ಟಿ ಕಮ್ಮಿ ಮಾಡ್ಲಾ? ಅವಳು ಆಚೆ ನಿಂತು ಹೊಗೆ ನೋಡ್ತಿರ್ತಾಳೆ. ಹೊಗೆ ಕಮ್ಮಿಯಾದ್ರೆ ಗೆದ್ದೆ ಅಂತ ಕುಣೀತಾಳೆ. ಒಂದು ಟ್ರೇನೂ ಕಮ್ಮಿ ಮಾಡಲ್ಲ!"

ಮಾಡಲಿಲ್ಲ. ಹಟಕ್ಕೆ ಬಿದ್ದವನು ಒಂದು ಟ್ರೇ ಹೆಚ್ಚೇ ಹಾಕಿರಬೇಕು. ಆ ತಿಂಗಳುಗಳಲ್ಲಿ ಹಿಂದಿನ ಬಾಗಿಲಿನಿಂದ ಒಳಬಂದಷ್ಟು 'ಉಳಿದದ್ದು' ಹಿಂದೆಂದೂ ಬಂದಿರಲಿಲ್ಲ.

ಒಂದು ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿ ಇರಲಿಲ್ಲ. ಬೇಕರಿಯವನು ಕಟ್ಟೆಯ ಮೇಲೆ ನಿಂತು ಶಾಲೆಯ ಗೋಡೆಯಾಚೆ ನೋಡುತ್ತಿದ್ದ. ಕೊನೆಯ ಪೀರಿಯಡ್. ಮೈದಾನದಲ್ಲಿ ಸುಣ್ಣದ ಗೆರೆ ಎಳೆದು ಮಕ್ಕಳನ್ನು ಓಡಿಸುತ್ತಿದ್ದರು. ಓಡಿದವರೆಲ್ಲ ಗೆರೆ ದಾಟಿ ನಿಂತು ಉಸಿರು ಬಿಡುತ್ತ ಹಿಂದಕ್ಕೆ ನೋಡುತ್ತಿದ್ದರು. ಮೈದಾನದ ನಡುವೆ ಒಂದೇ ಒಂದು ಮಗು ಉಳಿದಿತ್ತು. ಪಕ್ಕೆ ಹಿಡಿದುಕೊಂಡು ನಡೆಯುತ್ತಿತ್ತು. ಆಮೇಲೆ ಕೂತುಬಿಟ್ಟಿತು.

"ಬನ್ನು ಉರುಳ್ತು! ಬನ್ನು ಉರುಳ್ತು!" ಎಂದು ಮಕ್ಕಳು ಚಪ್ಪಾಳೆ ತಟ್ಟಿದರು.

ಬೇಕರಿಯವನು ಮೈದಾ ಮೆತ್ತಿದ ಏಪ್ರನ್‌ನಲ್ಲೇ ರಸ್ತೆ ದಾಟಿ, ಗೇಟು ಅಲ್ಲಾಡಿಸಿ, ಬೀಗ ತೆಗೆದ ಕಾವಲಿನವನನ್ನು ತಳ್ಳಿ ಒಳಗೆ ನುಗ್ಗಿದ.

"ಏನ್ರೀ ಇದು? ಮಕ್ಕಳಿಗೆ ಪಾಠ ಹೇಳ್ತೀರೋ ತಮಾಷೆ ತೋರಿಸ್ತೀರೋ? ನನ್ನ ಮೇಲಿನ ಸಿಟ್ಟನ್ನ ನನ್ನ ಮಗಳ ಮೇಲೆ ತೀರಿಸ್ಕೊಳ್ತೀರಾ?"

ಹೆಡ್‌ಮಿಸ್ ಮಕ್ಕಳಿಗೆ ಗದರಿ ಚಪ್ಪಾಳೆ ನಿಲ್ಲಿಸಿದ್ದಳು. ಈಗ ಅವನ ಕಡೆ ತಿರುಗಿದಳು.

"ದನಿ ಇಳಿಸಿ. ಇದು ನಿಮ್ಮ ಅಂಗಡಿಯಲ್ಲ."

"ಕೂತ್ಕೊಂಡಿರೋಳು ನನ್ನ ಮಗಳು!"

"ಗೊತ್ತು. ಅದಕ್ಕೇ ಕೇಳ್ತೀನಿ. ಬೀಗ ಹಾಕಿದ ಮೇಲೆ ಉಳಿದ ಮಕ್ಕಳಿಗೆ ಓಡೋಕೆ ಉಸಿರು ಬಂದಿದೆ. ನಿಮ್ಮವಳಿಗೆ ಇದ್ದ ಉಸಿರೂ ಹೋಗ್ತಿದೆ. ಮನೇಲಿ ಏನು ಕೊಡ್ತೀರಿ ಅವಳಿಗೆ?"

"ಮನೆ ಊಟ!"

"ಮನೆ ಊಟದಲ್ಲಿ ಹೀಗಾಗಲ್ಲ."

"ಹಾಗಾದ್ರೆ ನಾವು ಸುಳ್ಳರು ಅಂತೀರಾ?"

"ಸುಳ್ಳೋ ನಿಜಾನೋ, ಶಾಲೆಗೆ ಡಾಕ್ಟ್ರು ಬಂದಾಗ ಹೇಳ್ತಾರೆ. ಮಗೂನ ಕರ್ಕೊಂಡು ಹೋಗಿ. ನೀರು ಕುಡಿಸಿ. ಬನ್ನು ಕೊಡಬೇಡಿ."

ಆ ಕೊನೆಯ ಮಾತನ್ನು ಅವಳು ಆಡಬಾರದಿತ್ತು. ಅದು ಅವಳಿಗೂ ಆಮೇಲೆ ಅನ್ನಿಸಿರಬಹುದು. ಆದರೆ ಆಡಿಯಾಗಿತ್ತು, ಮಕ್ಕಳು ಕೇಳಿಸಿಕೊಂಡೂ ಆಗಿತ್ತು.

ಡಾಕ್ಟರು ಬಂದದ್ದು ಮುಂದಿನ ವಾರ. ಮಕ್ಕಳ ಆರೋಗ್ಯ ನೋಡಲು ಅವರು ಶಾಲೆಗೆ ಆಗಾಗ ಬರುವುದಿತ್ತು. ಪಾಪುವಿನ ತಾಯಿಯನ್ನು ಹೇಳಿ ಕಳಿಸಿ ಕರೆಸಿದರು. ಹೆಡ್‌ಮಿಸ್ಸಿನ ಕೋಣೆಯಲ್ಲಿ ಕೂರಿಸಿ, ಪಾಪುವಿನ ಜಡೆಯನ್ನು ಪಕ್ಕಕ್ಕೆ ಸರಿಸಿ ಕುತ್ತಿಗೆಯ ಹಿಂಭಾಗ ತೋರಿಸಿದರು. ಅಲ್ಲಿ ಚರ್ಮ ಕಪ್ಪಾಗಿ, ದಪ್ಪವಾಗಿ ಮಡಿಕೆ ಬಿದ್ದಿತ್ತು. ಅದರ ಅಂಚಿನಲ್ಲಿ ಕೆಂಪು ಗೀರುಗಳಿದ್ದವು.

"ಈ ಗೀರು ಹೇಗಾಯ್ತಮ್ಮ?"

ತಾಯಿಗೆ ನಾಚಿಕೆಯಾಯಿತು. "ಪ್ರತಿ ಸಲ ಸ್ನಾನ ಮಾಡಿಸುವಾಗ ಉಜ್ಜಿ ಉಜ್ಜಿ ತೊಳೀತೀನಿ ಡಾಕ್ಟ್ರೇ. ಈ ಕೊಳೆ ಏನು ಮಾಡಿದ್ರೂ ಹೋಗ್ತಿಲ್ಲ. ಅವಳು ಅತ್ತರೂ ಬಿಡಲ್ಲ."

"ಅದು ಕೊಳೆಯಲ್ಲ. ಇನ್ನು ಮೇಲೆ ಉಜ್ಜಬೇಡಿ."

"ಮತ್ತೇನು?"

"ತಿಂದ ಸಕ್ಕರೆಯನ್ನ ಸಂಭಾಳಿಸಿ ಸಂಭಾಳಿಸಿ ಮೈ ಸೋತಿದೆ ಅನ್ನೋದಕ್ಕೆ ಗುರುತು. ರಕ್ತ ನೋಡಿದೀನಿ. ಇನ್ನೂ ಸಕ್ಕರೆ ಕಾಯಿಲೆಯ ಗೆರೆ ಈಚೆಗಿದ್ದಾಳೆ. ಆದರೆ ಹೀಗೇ ಬಿಟ್ಟರೆ ಇವಳು ದೊಡ್ಡವಳಾಗೋ ಹೊತ್ತಿಗೆ, ನಿಮ್ಮ ಮನೆಯ ಮುದುಕರಿಗೆ ಬರಬೇಕಾದ ಕಾಯಿಲೆ ಇವಳಿಗೆ ಬಂದಿರುತ್ತೆ."

ತಾಯಿ ಸೆರಗಿನ ತುದಿಯನ್ನು ಬಾಯಿಗಿಟ್ಟುಕೊಂಡಳು.

"ಹೆದರಬೇಡಿ. ಈಗ ಮಾತ್ರೆ ಏನೂ ಬೇಡ. ತಿನ್ನೋದು, ಆಡೋದು, ಎರಡೂ ಸರಿ ಹೋದ್ರೆ ಈ ಕಪ್ಪೂ ಇಳಿಯುತ್ತೆ. ಒಂದೇ ಮಾತು ನೆನಪಿಡಿ. ಮಗುವಿಗೊಬ್ಬಳಿಗೇ ಪಥ್ಯ ಅಂತ ಬೇರೆ ತಟ್ಟೆ ಇಡಬೇಡಿ. ಬದಲಾದ್ರೆ ಮನೆಯೋರೆಲ್ಲ ಬದಲಾಗಿ. ಈಗ ಹೇಳಿ, ದಿನಕ್ಕೆ ಏನೇನು ತಿಂತಾಳೆ?"

ತಾಯಿ ಹೇಳುತ್ತಾ ಹೋದಳು. ಬೆಳಿಗ್ಗೆ ಇಷ್ಟು, ಮಧ್ಯಾಹ್ನ ಡಬ್ಬಿಯಲ್ಲಿ ಇಷ್ಟು, ರಾತ್ರಿ ಊಟ ಇಷ್ಟು. ಎಲ್ಲವೂ ಸರಿಯಾಗೇ ಇತ್ತು. ಡಾಕ್ಟರು ಹುಬ್ಬುಗಂಟಿಕ್ಕಿದರು.

"ಸಂಜೆ?"

"ಸಂಜೆ ಏನೂ ಇಲ್ಲ," ಎಂದಳು. ಆಮೇಲೆ ಅವಳ ಬಾಯಿ ತೆರೆದಂತೆಯೇ ನಿಂತಿತು. ತಾನು ಈಗ ತಾನೇ ಆಡಿದ್ದನ್ನು ಅವಳೇ ಮೊದಲ ಸಲ ಕೇಳಿಸಿಕೊಂಡಂತಿತ್ತು. "ಸಂಜೆ... ಅಂಗಡೀಲಿ ಉಳಿದದ್ದು."

ಮೇಜಿನಾಚೆಯಿಂದ ಹೆಡ್‌ಮಿಸ್ ತಲೆಯೆತ್ತಿದಳು. "ಎಷ್ಟು ಉಳಿಯುತ್ತೆ?"

"ಮೊದಲು ಏನೋ ಚೂರುಪಾರು. ಈಗ ಟ್ರೇಗಟ್ಟಲೆ."

"ಈಗ ಅಂದ್ರೆ?"

"ನೀವು ಗೇಟಿಗೆ ಬೀಗ ಹಾಕಿದ ಮೇಲೆ."

ಶಾಲೆಯ ಮಕ್ಕಳೆಲ್ಲರ ಬಾಯಿಂದ ತಪ್ಪಿಸಿದ್ದು ಎಲ್ಲಿ ಹೋಯಿತೆಂದು ಹೆಡ್‌ಮಿಸ್ ಒಂದು ದಿನವೂ ಯೋಚಿಸಿರಲಿಲ್ಲ. ಅದು ರಸ್ತೆಯ ಆಚೆಬದಿಯಲ್ಲಿ ಒಂದೇ ಮಗುವಿನ ಹೊಟ್ಟೆಗೆ ಹೋಗಿ ಬಿದ್ದಿತ್ತು.

"ಅದಕ್ಕೆ ನಾನು ಹೊಣೆ ಅಂತೀರಾ?" ಎಂದಳು ಗಡುಸಾಗಿ.

"ನಾನು ಹಾಗಂದ್ನಾ? ನೀವು ಕೇಳಿದ್ರಿ, ಹೇಳ್ದೆ," ಎಂದು ತಾಯಿಯೂ ಅಷ್ಟೇ ಗಡುಸಾಗಿ ಹೇಳಿ, ಮಗಳ ಕೈ ಹಿಡಿದು ಎದ್ದಳು. "ಹೊಣೆ ಯಾರು ಅಂತ ಕೇಳೋ ಕಡೆ ಕೇಳ್ತೀನಿ."

ಕೇಳಿದಳು. ಷಟರ್ ಎಳೆಯುವ ತನಕ ಕಾಯಲಿಲ್ಲ. ಗಿರಾಕಿಯೊಬ್ಬ ಬ್ರೆಡ್ಡು ಹಿಡಿದು ನಿಂತಿರುವಾಗಲೇ ಶುರು ಮಾಡಿದಳು. ಅವನು ಚಿಲ್ಲರೆಗೂ ನಿಲ್ಲದೆ ಜಾಗ ಖಾಲಿ ಮಾಡಿದ.

"ಡಾಕ್ಟ್ರಿಗೆ ಆ ಹೆಂಗಸೇ ಹೇಳಿಕೊಟ್ಟಿರ್ತಾಳೆ," ಎಂದ ಬೇಕರಿಯವನು. "ನನ್ನ ಅಂಗಡಿ ಮುಚ್ಚಿಸೋಕೆ ಇದೊಂದು ದಾರಿ."

"ಕುತ್ತಿಗೆ ಕಪ್ಪಾಗಿರೋದೂ ಅವಳೇ ಬಳಿದದ್ದಾ? ಬನ್ನಿ, ನೋಡಿ. ಹತ್ತಿರ ಬಂದು ನೋಡಿ!"

ಒಳಗಿನಿಂದ ಅಜ್ಜಿ ಹೊಸ್ತಿಲಿಗೆ ಬಂದು ನಿಂತಳು. "ಏನು ಗಲಾಟೆ? ನಮ್ಮ ಮನೆತನದಲ್ಲಿ ಎಲ್ಲರದೂ ಮೂಳೆ ದಪ್ಪ. ಇವನೂ ಚಿಕ್ಕೋನಿದ್ದಾಗ ಹಾಗೇ ಇದ್ದ. ಬೆಳೀತಾ ಬೆಳೀತಾ ಇಳಿಯುತ್ತೆ."

"ಮೂಳೆಗೆ ಕ್ರೀಮ್ ಹತ್ತಿಸ್ತಿರೋರು ನೀವು ಅತ್ತೆ."

"ಏನಂದೆ? ನನ್ನ ಮೊಮ್ಮಗಳಿಗೆ ನಾನು ವಿಷ ಹಾಕ್ತಿದೀನಾ?"

"ಇವತ್ತಿಂದ ಟ್ರೇ ಪಾಪು ಮುಂದೆ ಬರಬಾರದು. ಅಷ್ಟೇ ನಾನು ಹೇಳೋದು."

"ಹಾಗಾದ್ರೆ ಅಷ್ಟನ್ನೂ ಕಸಕ್ಕೆ ಸುರೀತೀಯಾ? ಹಸಿವು ಅಂದ್ರೇನು ಅಂತ ಗೊತ್ತೇನೇ ನಿನಗೆ? ತುಂಬಿದ ಮನೆಯಿಂದ ಬಂದೋಳು ನೀನು!"

"ಕಸಕ್ಕೆ ಯಾಕೆ? ಮಾಡಿದೋರು ತಿನ್ಲಿ," ಎಂದು ಹೆಂಡತಿ ಒಳಗೆ ಹೋಗಿ, ಅವತ್ತಿನ ಟ್ರೇ ತಂದು ಗಂಡನ ಮುಂದೆ ಕುಕ್ಕಿದಳು. "ಹಟದಲ್ಲಿ ಹಾಕಿದ್ರಲ್ಲ ಭಟ್ಟಿ ತುಂಬ. ತಿನ್ನಿ ಹಟದಲ್ಲೇ."

"ತಿಂತೀನಿ! ತಿಂದ್ರೆ ಸತ್ತುಹೋಗ್ತೀನಾ? ಇಡು ಇಲ್ಲಿ!"

ಬೇಕರಿಯವನು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ಮೊದಲನೆಯ ಕ್ರೀಮ್ ಬನ್ನನ್ನು ಎಲ್ಲರೂ ನೋಡುವಂತೆ ದೊಡ್ಡ ಬಾಯಿ ಹಾಕಿ ಕಚ್ಚಿದ. ಎರಡನೆಯದನ್ನು ಸಿಟ್ಟಿನಲ್ಲಿ ನುಂಗಿದ. ಮೂರನೆಯದು ಬಾಯಿಯಲ್ಲೇ ಸುತ್ತತೊಡಗಿತು. ಕ್ರೀಮು ಗಂಟಲಿಗೆ ಮೇಣದಂತೆ ಅಂಟಿಕೊಂಡಿತು. ಬೆವರಿದ. ನಾಲ್ಕನೆಯದನ್ನು ಕೈಯಲ್ಲಿ ಹಿಡಿದವನು ಬಾಯಿಗೆ ಒಯ್ಯಲಾರದೆ ಹಾಗೇ ಕೂತ. ತಾನು ಮಾಡಿದ ಮಾಲು ಹೀಗಿರುತ್ತದೆಂದು ಅವನಿಗೆ ಗೊತ್ತಿರಲಿಲ್ಲ.

ಯಾರೂ ನಗಲಿಲ್ಲ. ಪಾಪು ಮೂಲೆಯಿಂದ ಎದ್ದು ಬಂದು, ಅವನ ಪಕ್ಕ ಕೂತು, ಟ್ರೇಯನ್ನು ತನ್ನ ಕಡೆಗೆ ಎಳೆದುಕೊಂಡಳು.

"ಕೊಡಿ ಅಪ್ಪ. ನಿಮಗೆ ಅಭ್ಯಾಸ ಇಲ್ಲ. ನಾನು ಮಾಡ್ತೀನಿ."

"ಬೇಡ ಪುಟ್ಟ, ಬಿಡು."

"ಬಿಟ್ಟರೆ ನಷ್ಟ ಆಗುತ್ತಲ್ಲ? ಗೇಟ್ ಹಾಕಿದ ಮೇಲೆ ನಿಮಗೆ ನಷ್ಟ ಆಗ್ತಿದೆ, ನಾವು ತಿಂದ್ರೆ ನಷ್ಟ ಅಲ್ಲ ಅಂತ ಅಜ್ಜಿ ಹೇಳಿದ್ಲು. ಅದಕ್ಕೇ ನಾನು ದಿನಾ ಪೂರ್ತಿ ಮಾಡ್ತೀನಿ."

ಬೇಕರಿಯವನು ಮಗಳ ಮುಖ ನೋಡಿದ. "ನಿನಗೆ ಇಷ್ಟ ಅಂತ ತಿಂತಿದೀಯ ಅಂದ್ಕೊಂಡಿದ್ದೆ ಕಣೆ."

ಪಾಪು ಸ್ವಲ್ಪ ಯೋಚಿಸಿದಳು. ಸುಳ್ಳು ಹೇಳುವ ಹುಡುಗಿಯಲ್ಲ.

"ಮೊದಲನೇದು ಇಷ್ಟ," ಎಂದಳು. "ಆಮೇಲಿಂದೆಲ್ಲ ಕೆಲಸ."

ಅವನು ಕೈಯಲ್ಲಿದ್ದ ಬನ್ನನ್ನು ಟ್ರೇಗೆ ಹಾಕಿ ಎದ್ದುಹೋದ.

ಬೆಳಗಿನ ಜಾವ ಅವನು ಹಿಟ್ಟು ಕಲಸಲು ನಿಂತಾಗ ಅರ್ಧ ಮೂಟೆ ಮೈದಾವನ್ನೇ ಸುರಿದ. ಸೌದೆಯನ್ನೂ ಅರ್ಧವೇ ಒಟ್ಟಿದ. ಅಪ್ಪ ಸತ್ತ ಮಾರನೆಯ ದಿನವೂ ಆ ಭಟ್ಟಿ ಪೂರ್ತಿ ಉರಿದಿತ್ತು. ಆಚೆಬದಿಯವಳು ಎದ್ದು ನೋಡಿ ನಗುತ್ತಾಳೆ ಎನ್ನುವ ಉರಿ ಹೊಟ್ಟೆಯಲ್ಲಿ ಇನ್ನೂ ಇತ್ತು. ಆ ಉರಿಯಲ್ಲೇ ಹಿಟ್ಟನ್ನು ಗುದ್ದಿದ, ಮಡಿಸಿದ, ಮತ್ತೆ ಗುದ್ದಿದ.

ಹಿಟ್ಟು ಯಾಕೋ ಉಬ್ಬಲು ಸೋಮಾರಿತನ ಮಾಡಿತು. ಬನ್ನುಗಳು ಹೊರಬಂದಾಗ ಗಿಡ್ಡಗಿದ್ದವು. ಹೆಂಡತಿ ಒಂದನ್ನು ಮುರಿದು ಬಾಯಿಗಿಟ್ಟು, ಮುಖ ಕಿವುಚಿ, ಓಡಿಹೋಗಿ ಉಗುಳಿ ಬಂದಳು.

"ಉಪ್ಪಿನ ಗಣಿ!"

ಅವನೂ ಚೂರು ತಿಂದ. ಹೌದು. ಮೈದಾವನ್ನು ಅರ್ಧ ಮಾಡಿದ್ದ. ಉಪ್ಪಿನ ಡಬ್ಬಿಗೆ ಹೋದ ಕೈ ಮಾತ್ರ ವರ್ಷಾನುವರ್ಷದ ಅಳತೆಯನ್ನೇ ತಂದು ಸುರಿದಿತ್ತು. ಕೈಗೆ ಅರ್ಧದ ಲೆಕ್ಕ ಗೊತ್ತಿರಲಿಲ್ಲ.

"ಹೋಯ್ತು," ಎಂದ. "ಪೂರ್ತಿ ಹೋಯ್ತು."

"ಯಾಕೆ ಹೋಗುತ್ತೆ?" ಎಂದಳು ಅಜ್ಜಿ ಒಳಗಿನಿಂದ. ಅವಳು ಆಗಲೇ ಎದ್ದು ಹಾಲು ಕಾಯಿಸುತ್ತಿದ್ದಳು. "ಹಾಲಲ್ಲಿ ಅದ್ದಿ, ಮೇಲೆ ಸ್ವಲ್ಪ ಸಕ್ಕರೆ ಹಾಕಿದ್ರೆ ಉಪ್ಪು ಗೊತ್ತೇ ಆಗಲ್ಲ. ಒಣಗಿಸಿ ಇಟ್ಟರೆ ವಾರ ಬರುತ್ತೆ. ಪಾಪು ಖಾಲಿ ಮಾಡ್ತಾಳೆ."

ಪಾಪು ಆಗಷ್ಟೇ ಎದ್ದು ಕಣ್ಣುಜ್ಜುತ್ತ ಬಂದಿದ್ದಳು. ತನ್ನ ಹೆಸರು ಕೇಳಿದ್ದೇ ತಡ, ಒಂದು ಮಾತೂ ಆಡದೆ ಗೂಡಿನಿಂದ ತಟ್ಟೆ ತೆಗೆದುಕೊಂಡು ಅಜ್ಜಿಯ ಮುಂದೆ ಹೋಗಿ ಕೂತಳು. ಕೆಲಸಕ್ಕೆ ಬಂದ ಆಳು ಕೂತ ಹಾಗೆ.

ಹೆಂಡತಿ ಬಾಯಿ ತೆರೆಯುವ ಮುಂಚೆಯೇ ಬೇಕರಿಯವನು ಬಂದು ಆ ತಟ್ಟೆಯನ್ನು ಕಿತ್ತುಕೊಂಡ. ಅದು ಕೈತಪ್ಪಿ ನೆಲಕ್ಕೆ ಬಿದ್ದು ಸದ್ದು ಮಾಡುತ್ತ ಸುತ್ತಿತು.

"ನನ್ನ ಮಗಳ ಹೊಟ್ಟೆ ಕಸದ ಡಬ್ಬಿ ಅಲ್ಲಮ್ಮ."

ಅಜ್ಜಿ ಬೆಚ್ಚಿ ಹಿಂದೆ ಸರಿದಳು. ಮಗ ಅವಳ ಮೇಲೆ ಹೀಗೆ ದನಿ ಎತ್ತಿದವನಲ್ಲ.

"ಎಸೀತೀಯೇನೋ? ನಾನು ಬದುಕಿರುವಾಗ ಈ ಮನೆಯಿಂದ ತಿನ್ನೋ ಪದಾರ್ಥ ಹೊರಗೆ ಎಸೀತೀಯಾ?"

"ಎಸೀತೀನಿ."

"ಹಾಗಾದ್ರೆ ಈ ಮನೇಲಿ ನೀರೂ ಮುಟ್ಟಲ್ಲ ನಾನು!"

"ನೀವು ಮುಟ್ಟದಿದ್ರೆ ನಾನೂ ಮುಟ್ಟಲ್ಲ. ಆದ್ರೆ ಎಸೆಯೋದು ಎಸೆಯೋದೇ."

ಟ್ರೇಗಳನ್ನು ಒಂದರ ಮೇಲೊಂದು ಹೊತ್ತು ಅವನು ಮುಂಬಾಗಿಲಿನಿಂದಲೇ ಹೊರಟ. ಹಿಂದಿನಿಂದ ಅಜ್ಜಿಯ ಬೈಗುಳ ರಸ್ತೆಯ ತನಕ ಬಂತು. ಕಸದ ತೊಟ್ಟಿ ಇದ್ದದ್ದು ಶಾಲೆಯ ಗೋಡೆಯ ಪಕ್ಕ. ಅವನು ಟ್ರೇ ಬೋರಲು ಹಾಕುವ ಹೊತ್ತಿಗೆ ಸರಿಯಾಗಿ ಹೆಡ್‌ಮಿಸ್ ಚೀಲ ಹೆಗಲಿಗೆ ಹಾಕಿಕೊಂಡು ಬಂದಳು. ನಿಂತಳು.

"ಏನಿದು?"

"ಕಣ್ಣು ಕಾಣಲ್ವಾ? ಬನ್ನು."

"ಅಷ್ಟನ್ನೂ?"

"ಅಷ್ಟನ್ನೂ. ಸಂತೋಷ ಪಡಿ. ನಿಮ್ಮ ಆಸೆ ತೀರ್ತು."

"ನನ್ನ ಆಸೆ ನಿಮ್ಮನ್ನ ಹಾಳು ಮಾಡೋದಲ್ಲ." ಅವಳ ದನಿಯಲ್ಲಿ ಮೃದುತ್ವವೇನೂ ಇರಲಿಲ್ಲ. "ಭಟ್ಟಿ ಕಮ್ಮಿ ಮಾಡೋಕೆ ಇಷ್ಟು ದಿನ ಬೇಕಾಯ್ತಾ?"

"ಬೀಗ ಹಾಕೋಕೆ ಮುಂಚೆ ರಸ್ತೆ ದಾಟಿ ಬಂದು ಒಂದು ಮಾತು ಹೇಳೋಕೆ ನಿಮಗೆ ಕಾಲು ಇರ್ಲಿಲ್ವಾ?"

ಅವನು ಖಾಲಿ ಟ್ರೇಯನ್ನು ತೊಟ್ಟಿಯ ಅಂಚಿಗೆ ಬಡಿದು ಚೂರು ಉದುರಿಸಿದ.

"ಬೀಗ ತೆಗೀರಿ ಅಂತ ನಾನು ಕೇಳಲ್ಲ. ಹಾಕ್ಕೊಂಡೇ ಇರಿ. ಆದ್ರೆ ಮೈದಾನದಲ್ಲಿ ಆ ಸುಣ್ಣದ ಗೆರೆ ಇದೆಯಲ್ಲ, ಅದನ್ನ ಅಳಿಸಿ."

"ಮಕ್ಕಳನ್ನ ಹೇಗೆ ಓಡಿಸಬೇಕು ಅಂತ ನೀವು ನನಗೆ ಹೇಳ್ತೀರಾ?"

"ಓಡಿಸಿ. ಯಾರು ಬೇಡ ಅಂದ್ರು? ಸುತ್ತ ಓಡ್ಲಿ, ಹೇಗೆ ಬೇಕೋ ಹಾಗೆ ಓಡ್ಲಿ. ಗೆರೆ ಎಳೆದರೆ ಯಾರೋ ಒಬ್ಬರು ಕೊನೆಗೆ ಬರ್ಲೇಬೇಕು. ದಿನಾ ಅದು ನನ್ನ ಮಗಳೇ. ದಿನಾ ಚಪ್ಪಾಳೆ. ನಾಳೆ ಅವಳು ಶಾಲೆಗೇ ಬರಲ್ಲ ಅಂದ್ರೆ ಆಗ ಯಾರ ಆರೋಗ್ಯ ನೋಡ್ತೀರಿ ನೀವು?"

ಹೆಡ್‌ಮಿಸ್ ತುಟಿ ಬಿಗಿದಳು. "ನೋಡ್ತೀನಿ," ಎಂದಳು. ಎರಡು ಹೆಜ್ಜೆ ಹೋದವಳು ತಿರುಗಿ, "ಅವತ್ತು ಮೈದಾನದಲ್ಲಿ ಮಕ್ಕಳ ಮುಂದೆ ಆಡಿದ ಕೊನೇ ಮಾತು ನಾನು ಆಡಬಾರದಿತ್ತು," ಎಂದಳು. ಅದನ್ನೂ ಬೈದ ಹಾಗೆಯೇ ಹೇಳಿ ಗೇಟಿನೊಳಗೆ ಹೋದಳು.

ಅವನು ತಿರುಗಿದಾಗ ಹಿಂದೆ ಪಾಪು ನಿಂತಿದ್ದಳು. ಬರಿಗಾಲಲ್ಲಿ ರಸ್ತೆ ದಾಟಿ ಬಂದಿದ್ದಳು. ತೊಟ್ಟಿಯೊಳಗೆ ಬಗ್ಗಿ ನೋಡಿದಳು.

"ಹಾಗಾದ್ರೆ ಇವತ್ತು ಸಂಜೆ ನನಗೇನು ಕೆಲಸ ಅಪ್ಪ?"

"ಏನೂ ಇಲ್ಲ. ಆಟ ಆಡು."

"ಯಾರ ಜೊತೆ?"

ಮಗಳನ್ನು ಯಾರಾದರೂ ಆಟಕ್ಕೆ ಕರೆದದ್ದನ್ನು ಅವನು ನೋಡಿಯೇ ಇರಲಿಲ್ಲ. ನೋಡಿಲ್ಲವೆಂಬುದೂ ಆ ತನಕ ಹೊಳೆದಿರಲಿಲ್ಲ.

ಅವತ್ತಿನಿಂದ ಅಜ್ಜಿ ಮಗನ ಜೊತೆ ಮಾತು ಬಿಟ್ಟಳು. ನೀರು ಬಿಡಲಿಲ್ಲ. ಸೊಸೆ ಕೊಟ್ಟದ್ದನ್ನು ಗೋಡೆಗೆ ಮುಖ ಮಾಡಿಕೊಂಡು ತಿನ್ನುತ್ತಿದ್ದಳು. ಯಾರೂ ಇಲ್ಲದಾಗ ಪಾಪುವಿನ ಕೈಗೆ ಬಿಸ್ಕತ್ತು ತುರುಕಲು ನೋಡಿ, ಒಂದೆರಡು ಸಲ ಸೊಸೆಯ ಕೈಗೆ ಸಿಕ್ಕಿಬಿದ್ದು ಮನೆಯಲ್ಲಿ ಮತ್ತೆ ರಂಪವಾಯಿತು. ಉಪ್ಪಿನ ಅಳತೆಗೆ ಬೇಕರಿಯವನ ಕೈ ಒಗ್ಗಲು ಇನ್ನೂ ಕೆಲವು ಬೆಳಗುಗಳು ಬೇಕಾದವು. ವ್ಯಾಪಾರ ಸೊರಗಿತು. ಮಧ್ಯಾಹ್ನದ ಮೇಲೆ ಭಟ್ಟಿ ತಣ್ಣಗಿರುತ್ತಿತ್ತು. ಸುಮ್ಮನೆ ಕೂತು ಗೊತ್ತಿಲ್ಲದ ಅವನು ಎಲ್ಲರ ಮೇಲೂ ಉರಿದು ಬೀಳುತ್ತಿದ್ದ.

"ಕೂತು ನನ್ನ ತಲೆ ತಿನ್ನೋ ಬದಲು ಮಗಳ ಜೊತೆ ಹೋಗ್ರಿ," ಎಂದು ಹೆಂಡತಿ ಒಂದು ಸಂಜೆ ಅವನನ್ನು ಅಂಗಡಿಯಿಂದ ಹೊರಗೆ ಅಟ್ಟಿದಳು.

ಅವರ ಬಳಿ ಇದ್ದದ್ದು ಒಂದು ರಬ್ಬರ್ ಚೆಂಡು. ಎದುರಿಗಿದ್ದದ್ದು ಶಾಲೆಯ ಗೋಡೆ. ಅವನು ಗೋಡೆಗೆ ಎಸೆಯುವುದು, ಪುಟಿದು ಬಂದದ್ದನ್ನು ಪಾಪು ಹಿಡಿಯುವುದು. ಇಬ್ಬರಿಗೂ ಸರಿಯಾಗಿ ಬರುತ್ತಿರಲಿಲ್ಲ. ಪಾಪು ಹತ್ತಕ್ಕೆ ಒಂದು ಹಿಡಿಯುತ್ತಿದ್ದಳು. ಅವನು ಎಸೆದದ್ದು ಹತ್ತಕ್ಕೆ ಒಂದು ಅವಳ ಕಡೆ ಬರುತ್ತಿತ್ತು.

ಮನೆಗೆ ಹೊರಟ ಹೆಡ್‌ಮಿಸ್ ಗೇಟಿನಿಂದ ಹೊರಬಂದು ಸೊಂಟಕ್ಕೆ ಕೈಯಿಟ್ಟು ನಿಂತಳು.

"ಏನ್ರೀ, ಮೊನ್ನೆ ತಾನೇ ಸುಣ್ಣ ಹೊಡೆಸಿದೀನಿ. ಗೋಡೆ ಎಲ್ಲಾ ಚುಕ್ಕೆ ಆಗ್ತಿದೆ."

"ಗೋಡೆ ನಿಮ್ಮಪ್ಪಂದಾ?"

"ನಿಮ್ಮಪ್ಪಂದೂ ಅಲ್ಲ!"

"ಮಕ್ಕಳು ಆಡಬೇಕು, ಆಡಬೇಕು ಅಂತ ಮೈಕ್ ಹಿಡ್ಕೊಂಡು ಕೂಗ್ತೀರಿ. ಆಡಿದ್ರೆ ಸುಣ್ಣ ಅಂತೀರಿ."

"ಆಡೋಕೂ ಒಂದು ರೀತಿ ಇದೆ. ಹಾಗೆ ಎಸೆದ್ರೆ ಮಗು ಹೇಗೆ ಹಿಡಿಯುತ್ತೆ? ಕೈ ಕೆಳಗಿಟ್ಟು ಎಸೀರಿ. ಅಷ್ಟೂ ಗೊತ್ತಿಲ್ವಾ?"

"ಈಗ ಚೆಂಡು ಎಸೆಯೋದೂ ನಿಮ್ಮ ಹತ್ರ ಕಲೀಬೇಕಾ?"

ಅವನ ಕೈ ಜಾರಿತೋ ಸಿಟ್ಟು ಜಾರಿತೋ, ಚೆಂಡು ಗೋಡೆಯ ಮೂಲೆಗೆ ಬಡಿದು ಹಾರಿ ಇಳಿಜಾರಿನಲ್ಲಿ ಉರುಳತೊಡಗಿತು. ಅವರಿಬ್ಬರೂ ಅದನ್ನು ಗಮನಿಸಲಿಲ್ಲ. ಗೋಡೆಯ ಮಾತು ಗೇಟಿಗೆ ಹೋಗಿತ್ತು, ಗೇಟಿನ ಮಾತು ಹಳೆಯ ಸಭೆಗೆ ಹೋಗಿತ್ತು, ಅಲ್ಲಿಂದ ಬೆಂಚಿನ ಎತ್ತರಕ್ಕೆ ಬಂದಿತ್ತು. ಅಂಗಡಿಯಿಂದ ಹೆಂಡತಿ ಕತ್ತು ಚಾಚಿ ರಸ್ತೆಯ ಎರಡೂ ಕಡೆ ನೋಡಿದಳು. ಗಾಡಿ ಯಾವುದೂ ಇರಲಿಲ್ಲ. ಯಾರನ್ನೂ ಕರೆಯಲಿಲ್ಲ. ಇಳಿಜಾರಿನ ಕೆಳತುದಿಯ ತನಕ ಪಾಪು ಓಡುವುದನ್ನು, ಚೆಂಡು ಚರಂಡಿಗೆ ಬೀಳುವ ಮುಂಚೆ ಅವಳು ಅದರ ಮೇಲೆ ಬೀಳುವುದನ್ನು, ಎದ್ದು ಲಂಗ ಒದರಿಕೊಳ್ಳುವುದನ್ನು ಸುಮ್ಮನೆ ನೋಡುತ್ತ ನಿಂತಳು.

ಏರು ಹತ್ತಿ ಬರಲು ಪಾಪುವಿಗೆ ಹೊತ್ತು ಹಿಡಿಯಿತು. ನಡುವೆ ಒಮ್ಮೆ ನಿಂತು ಪಕ್ಕೆ ಹಿಡಿದುಕೊಂಡಳು. ಮತ್ತೆ ಹತ್ತಿದಳು. ಮೇಲೆ ಬಂದಾಗಲೂ ದೊಡ್ಡವರಿಬ್ಬರೂ ಬೆರಳು ತೋರಿಸಿಕೊಂಡು ಕೂಗಾಡುತ್ತಲೇ ಇದ್ದರು. ಅವಳು ಏದುಸಿರು ಬಿಡುತ್ತ ಇಬ್ಬರನ್ನೂ ನೋಡಿದಳು. ಕಾದಳು. ಮುಗಿಯುವ ಲಕ್ಷಣ ಕಾಣಲಿಲ್ಲ.

"ಅಪ್ಪ, ಜಗಳ ಆಮೇಲೆ," ಎಂದಳು. "ಮೊದಲು ಇದನ್ನ ಹಿಡೀರಿ."

ಕೈ ಕೆಳಗಿಟ್ಟು ಎಸೆದಳು.